‘ಲಿಂಕ್ ಓಪನ್ ಆಗವಲ್ದು’: ಏಜೆಂಟ್ ಮೂಲಕ ಚೀನಾದ ಸರಕು ತರಿಸುವವರಿಗೆ

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಮೊಬೈಲ್ ರಿಪೇರಿ ಮಾಡುವವರಿಗೆ ಸಣ್ಣ ಸ್ಕ್ರೂಡ್ರೈವರ್ ಸೆಟ್ಟು ಬೇಕು, ಯಾದಗಿರಿಯ ಟೇಲರ್‌ಗೆ ಓವರ್‌ಲಾಕ್ ಮಷೀನಿನ ಲೂಪರ್ (ದಾರ ಹೆಣೆಯುವ ಕೊಕ್ಕೆ) ಬೇಕು, ಬೀದರಿನ ಬಿದರಿ ಅಂಗಡಿಗೆ ಮಖಮಲ್ ಹಚ್ಚಿದ ಪೆಟ್ಟಿಗೆ ಬೇಕು. ಇವೆಲ್ಲ ಚೀನಾದ ಟಾವೊಬಾವೊ, 1688, ವೇಯ್‌ದಿಯನ್ ತಾಣಗಳಲ್ಲಿ ರಾಶಿ ರಾಶಿ ಸಿಗುತ್ತವೆ. ಆದರೆ ಅಲ್ಲಿ ಭಾಷೆ ಬೇರೆ, ಹಣ ಕಟ್ಟುವ ವ್ಯವಸ್ಥೆ ಬೇರೆ, ಬಹಳಷ್ಟು ಅಂಗಡಿಯವರು ಚೀನಾದೊಳಗಿನ ವಿಳಾಸಕ್ಕೆ ಮಾತ್ರ ಕಳಿಸುತ್ತಾರೆ. ಅದಕ್ಕೇ ನಡುವೆ ಖರೀದಿ ಏಜೆಂಟ್ ಬರುತ್ತಾನೆ. ನೀವು ಲಿಂಕ್ ಕೊಡುತ್ತೀರಿ, ಅವನು ಸರಕು ಕೊಂಡು ತನ್ನ ಗೋದಾಮಿಗೆ ತರಿಸಿ ಫೋಟೊ ತೋರಿಸುತ್ತಾನೆ, ನೀವು ಹೂಂ ಅಂದ ಮೇಲೆ ಭಾರತಕ್ಕೆ ಕಳಿಸುತ್ತಾನೆ.

ಈ ವ್ಯವಹಾರ ಹೆಚ್ಚಾಗಿ ಮುಗ್ಗರಿಸುವುದು ಮೊದಲ ಹೆಜ್ಜೆಯಲ್ಲೇ. ಲಿಂಕ್ ತೆರೆಯುವುದಿಲ್ಲ. ಆಗ ಸರಕೇ ಮುಗಿದುಹೋಯಿತು ಎಂದುಕೊಂಡು ಬಹಳ ಜನ ಸಿಕ್ಕ ಬೇರೆ ಲಿಂಕ್ ಹಿಡಿದು ಹಣ ಕಟ್ಟಿಬಿಡುತ್ತಾರೆ. ಹಾಗೆ ಮಾಡಬೇಡಿ. ಸರಕನ್ನು ಗುರುತಿಸುವುದು ಅದಕ್ಕೆ ಆ ತಾಣ ಕೊಟ್ಟಿರುವ ನಂಬರ್. ಲಿಂಕ್ ಆ ನಂಬರನ್ನು ಹೊತ್ತ ಚೀಟಿ ಮಾತ್ರ. ಚೀಟಿ ಹರಿದರೂ ನಂಬರ್ ಉಳಿದಿದ್ದರೆ ಸರಕು ಸಿಗುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ.

ಮೊದಲು: ಕೆಟ್ಟಿದ್ದು ಯಾವುದು?

ತೊಡಕು ಮೂರು ಕಡೆ ಇರಬಹುದು. ಲಿಂಕ್‌ನ ಅಕ್ಷರಗಳೇ ಕೆಟ್ಟಿರಬಹುದು, ಏಜೆಂಟನ ತಾಣಕ್ಕೆ ಆ ಪುಟ ಎಳೆದುಕೊಳ್ಳಲು ಆಗದಿರಬಹುದು, ಅಥವಾ ಅಂಗಡಿಯವನೇ ಸರಕು ತೆಗೆದುಹಾಕಿರಬಹುದು. ಮೂರಕ್ಕೂ ಮದ್ದು ಬೇರೆ ಬೇರೆ. ಪರದೆಯ ಮೇಲೆ ಏನು ಬಂತು ಎಂಬುದನ್ನು ಗಮನವಿಟ್ಟು ನೋಡಿದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ.

ಟಾವೊಬಾವೊ ಪುಟ ತೆರೆದು ‘ಲಾಗಿನ್ ಆಗಿ’ ಎಂದು ಕೇಳಿದರೆ ಅಥವಾ ಬೆರಳಿನಿಂದ ಪಟ್ಟಿ ಎಳೆದು ಪರೀಕ್ಷೆ ಕೊಡಿ ಎಂದರೆ ಲಿಂಕ್ ಸತ್ತಿಲ್ಲ. ಖಾತೆ ಇಲ್ಲದವರಿಗೆ ಆ ತಾಣ ಹಾಗೆಯೇ ಬಾಗಿಲು ಹಾಕುತ್ತದೆ. ಅದೇ ಲಿಂಕನ್ನು ಏಜೆಂಟನ ತಾಣದ ಹುಡುಕುವ ಪೆಟ್ಟಿಗೆಯಲ್ಲಿ ಹಾಕಿ, ತೆರೆದೀತು. ‘ಕ್ಷಮಿಸಿ, ನೀವು ನೋಡುತ್ತಿರುವ ಸರಕು ಇಲ್ಲ, ತೆಗೆದಿರಬಹುದು ಅಥವಾ ಸ್ಥಳಾಂತರಿಸಿರಬಹುದು’ ಎಂಬರ್ಥದ ಚೀನೀ ವಾಕ್ಯ ಬಂದರೆ ಮಾತ್ರ ಅಂಗಡಿಯಲ್ಲೇ ಸರಕು ಇಳಿಸಲಾಗಿದೆ. ಚೀನೀ ಓದಲು ಬಾರದಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಅನುವಾದ ಕೊಡಿ, ಅರ್ಧ ನಿಮಿಷದ ಕೆಲಸ. ಪುಟ ತೆರೆದು ಚಿತ್ರವೂ ಬಂದು, ನಿಮಗೆ ಬೇಕಾದ ಬಣ್ಣ ಅಥವಾ ಅಳತೆ ಮಾತ್ರ ಮಸುಕಾಗಿ ಒತ್ತಲು ಬಾರದಿದ್ದರೆ ಲಿಂಕ್ ಸರಿಯಾಗಿಯೇ ಇದೆ, ಆ ಒಂದು ಬಗೆಯ ದಾಸ್ತಾನು ಖಾಲಿಯಾಗಿದೆ. ನಾಲ್ಕೈದು ದಿನ ಕಾದು ಮತ್ತೆ ನೋಡಿ.

ಅಲಿಎಕ್ಸ್‌ಪ್ರೆಸ್ ಲಿಂಕ್‌ನ ಮಾತು ಬೇರೆ. 2020ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿರ್ಬಂಧಿಸಿದ 43 ಆ್ಯಪ್‌ಗಳಲ್ಲಿ ಅದೂ ಒಂದು. ಅದರ ಲಿಂಕ್ ಯಾರಾದರೂ ಕಳಿಸಿದರೆ ಸರಿಪಡಿಸುತ್ತಾ ಕೂರಬೇಡಿ. ಚಿತ್ರ ಮಾತ್ರ ಉಳಿಸಿಕೊಂಡು, ಮುಂದೆ ಹೇಳುವ ಚಿತ್ರದ ಹುಡುಕಾಟಕ್ಕೆ ಹೋಗಿ.

ಲಿಂಕ್‌ನ ಅಕ್ಷರ ತೊಳೆಯುವುದು

ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕ್‌ಗಳು ಕೆಡುವುದಕ್ಕೆ ಕನ್ನಡ ಟೈಪಿಂಗ್‌ಗೇ ಸಂಬಂಧಿಸಿದ ಒಂದು ಕಾರಣವಿದೆ. ‘ಈ ಲಿಂಕ್‌ನದು 20 ಪೀಸ್ ಬೇಕ್ರಿ’ ಎಂದು ಬರೆಯುವ ಅವಸರದಲ್ಲಿ ಲಿಂಕ್‌ನ ಕೊನೆಗೆ ಜಾಗ ಬಿಡದೆ ‘ದು’ ಅಥವಾ ‘ಗೆ’ ಸೇರಿಸುತ್ತೇವೆ. ಆ ಅಕ್ಷರವೂ ಲಿಂಕ್‌ನ ಭಾಗವಾಗಿಬಿಡುತ್ತದೆ. ಅದನ್ನು ಅಳಿಸಿದರೂ ಕೆಲವೊಮ್ಮೆ ತೆರೆಯುವುದಿಲ್ಲ. ಯಾಕೆಂದರೆ ಕನ್ನಡದಲ್ಲಿ ‘ಲಿಂಕ್‌ಗೆ’ ಎಂದು ಒತ್ತಕ್ಷರವಾಗದಂತೆ ಬಿಡಿಸಿ ಬರೆಯಲು ಕೀಲಿಮಣೆ ಕಣ್ಣಿಗೆ ಕಾಣದ ಒಂದು ಸೊನ್ನೆ ಅಗಲದ ಅಕ್ಷರ ಹಾಕುತ್ತದೆ, ಅದು ಹಿಂದೆ ಉಳಿದಿರುತ್ತದೆ. ಕಣ್ಣಿಗೆ ಲಿಂಕ್ ಸ್ವಚ್ಛ, ಕಂಪ್ಯೂಟರ್‌ಗೆ ಹೊಲಸು. ವಾಕ್ಯದ ಕೊನೆಯ ಚುಕ್ಕಿ, ಆವರಣ ಚಿಹ್ನೆ, ಕೊಟೇಶನ್ ಗುರುತುಗಳೂ ಹೀಗೆಯೇ ಅಂಟಿಕೊಳ್ಳುತ್ತವೆ. ಅಳಿಸುತ್ತಾ ಕೂರುವ ಬದಲು ಲಿಂಕ್‌ನೊಳಗಿನ ನಂಬರನ್ನಷ್ಟೇ ಹೆಕ್ಕಿ, ಹೊಸದಾಗಿ ಕೈಯಲ್ಲೇ ಟೈಪ್ ಮಾಡುವುದು ಖಾತ್ರಿ ದಾರಿ.

ನಂಬರ್ ಎಲ್ಲಿರುತ್ತದೆ? ಟಾವೊಬಾವೊ ಮತ್ತು ಅದರ ಸೋದರ ತಾಣ ಟಿಮಾಲ್‌ನ ಲಿಂಕ್‌ನಲ್ಲಿ ‘ಐಡಿ=’ ಎಂಬುದರ ಮುಂದೆ ಬರುವ ಅಂಕಿ, ಈಗಿನ ಸರಕುಗಳಲ್ಲಿ ಸಾಮಾನ್ಯವಾಗಿ 12 ಅಂಕಿ. 1688ರಲ್ಲಿ ‘ಆಫರ್’ ಎಂಬ ಪದದ ನಂತರದ ಓರೆಗೆರೆ ದಾಟಿದ ಮೇಲೆ, ‘.ಎಚ್‌ಟಿಎಂಎಲ್’ಗೆ ಮುಂಚೆ ಇರುವ ಅಂಕಿ. ವೇಯ್‌ದಿಯನ್‌ನಲ್ಲಿ ‘ಐಟಂಐಡಿ=’ ನಂತರದ್ದು, ಹೆಚ್ಚಾಗಿ 10 ಅಂಕಿ. ಟಾವೊಬಾವೊ ಲಿಂಕ್‌ನಲ್ಲಿ ‘ಎಸ್‌ಕೆಯುಐಡಿ=’ ಎಂದು ಇನ್ನೊಂದು ನಂಬರೂ ಕಾಣಬಹುದು. ಅದು ಬಣ್ಣ, ಅಳತೆಯ ಗುರುತು. ಸರಕಿನ ನಂಬರ್ ಅಲ್ಲ. ಇವೆರಡನ್ನು ಅದಲುಬದಲು ಮಾಡಿದರೆ ‘ಸರಕು ಇಲ್ಲ’ ಎಂಬ ಉತ್ತರವೇ ಬರುತ್ತದೆ, ಸರಕು ಮಾತ್ರ ಅಲ್ಲಿಯೇ ಇರುತ್ತದೆ.

ನಂಬರ್ ಸಿಕ್ಕ ಮೇಲೆ ಲಿಂಕ್ ಮರುಕಟ್ಟುವುದು ಹೀಗೆ. ಅದೇ ತಾಣದ ಚೆನ್ನಾಗಿ ತೆರೆಯುವ ಬೇರೆ ಯಾವುದಾದರೂ ಸರಕಿನ ಲಿಂಕ್ ತೆಗೆದುಕೊಳ್ಳಿ. ಅದರ ನಂಬರ್ ಅಳಿಸಿ ನಿಮ್ಮ ನಂಬರ್ ಕೂರಿಸಿ. ನಂಬರ್ ಆದ ಮೇಲೆ ಬರುವ ‘&’ ಗುರುತಿನಿಂದ ಮುಂದಿನದೆಲ್ಲ ಕತ್ತರಿಸಿ. ‘ಎಸ್‌ಪಿಎಂ’ ಮುಂತಾದ ಆ ಬಾಲ ನೀವು ಯಾವ ಪುಟದಿಂದ ಬಂದಿರಿ ಎಂದು ತಾಣ ಲೆಕ್ಕ ಇಡಲು ಮಾತ್ರ ಇರುವುದು, ಸರಕಿಗೆ ಸಂಬಂಧವಿಲ್ಲ. ಒಂದೇ ಎಚ್ಚರ: ನಂಬರ್ ‘?’ ಗುರುತಿನ ಹತ್ತಿರ ಇಲ್ಲದೆ ಉದ್ದ ಬಾಲದ ನಡುವೆ ಅಡಗಿರಬಹುದು. ಕತ್ತರಿಸುವ ಮುಂಚೆ ನಂಬರ್ ಹುಡುಕಿ ಬೇರೆ ಕಡೆ ಬರೆದಿಟ್ಟುಕೊಳ್ಳಿ.

ಇನ್ನೊಬ್ಬ ಏಜೆಂಟನ ತಾಣದಿಂದ ನಕಲು ಮಾಡಿದ ಲಿಂಕ್ ಇನ್ನಷ್ಟು ಗೊಂದಲ ತರುತ್ತದೆ. ಅದರೊಳಗೆ ಮೂಲ ಲಿಂಕ್ ಸುತ್ತಿಟ್ಟಿರುತ್ತದೆ, ಅರ್ಧ ಭಾಗ %3ಎ, %2ಎಫ್ ಎಂಬ ಗುರುತುಗಳಿಂದ ತುಂಬಿರುತ್ತದೆ. %3ಎ ಎಂದರೆ ‘:’, %2ಎಫ್ ಎಂದರೆ ‘/’, ಅಷ್ಟೇ. ಎರಡೆರಡು ಸಲ ಸುತ್ತಿದ್ದರೆ ಎಲ್ಲ ಕಡೆ %25 ಕಾಣುತ್ತದೆ. ಅಂಥ ಲಿಂಕ್ ಹೊಸ ಏಜೆಂಟನ ಪೆಟ್ಟಿಗೆಯಲ್ಲಿ ಹಾಕಿದರೆ ಅವನ ತಾಣಕ್ಕೆ ತಲೆಬುಡ ತಿಳಿಯುವುದಿಲ್ಲ. ಆ ಏಜೆಂಟ್ ಅಂಗಡಿ ಮುಚ್ಚಿದರಂತೂ ಅವನ ಹೆಸರಿನ ಲಿಂಕ್‌ಗಳೆಲ್ಲ ಒಂದೇ ದಿನ ಸಾಯುತ್ತವೆ. ಆಗಲೂ ಉದ್ದನೆಯ ಸಾಲಿನೊಳಗೆ ಹತ್ತು ಹನ್ನೆರಡು ಅಂಕಿಯ ಗುಂಪು ಹುಡುಕಿ. ಸಾಲಿನಲ್ಲಿ ಟಾವೊಬಾವೊ, 1688, ವೇಯ್‌ದಿಯನ್ ಇವುಗಳಲ್ಲಿ ಯಾವುದರ ಹೆಸರಿದೆ ನೋಡಿ, ಆ ತಾಣದ ಮಾದರಿಗೆ ನಂಬರ್ ಹಾಕಿ.

ಗಿಡ್ಡ ಲಿಂಕ್‌ನಲ್ಲಿ ಮಾತ್ರ ನಂಬರ್ ಇರುವುದಿಲ್ಲ. ಟಾವೊಬಾವೊ ಆ್ಯಪ್‌ನಿಂದ ಹಂಚಿದಾಗ ಒಂದು ಗಿಡ್ಡ ಲಿಂಕ್, ಅದರ ಪಕ್ಕ ಒಂದಿಷ್ಟು ಅಕ್ಷರ ಅಂಕಿ, ಆಮೇಲೆ 「 」 ಹೀಗೆ ಮೂಲೆ ಆವರಣದೊಳಗೆ ಚೀನೀ ಬರಹ ಬರುತ್ತದೆ. ನಮ್ಮ ಜನ ಆ ಚೀನೀ ಬರಹವನ್ನು ಕಸವೆಂದು ಅಳಿಸಿ ಲಿಂಕ್ ಮಾತ್ರ ಮುಂದೆ ಕಳಿಸುತ್ತಾರೆ. ಅಳಿಸಬಾರದು. ಅದು ಸರಕಿನ ಪೂರ್ತಿ ಹೆಸರು, ಲಿಂಕ್ ಸತ್ತ ದಿನ ಕೈಹಿಡಿಯುವುದು ಅದೊಂದೇ. ಗಿಡ್ಡ ಲಿಂಕ್ ಕೈಯಿಂದ ಟೈಪ್ ಮಾಡಲೂ ಹೋಗಬೇಡಿ, ಇಂಗ್ಲಿಷ್‌ನ ದೊಡ್ಡಕ್ಷರ ಸಣ್ಣಕ್ಷರ ಒಂದು ತಪ್ಪಿದರೂ ಬೇರೆ ಕಡೆ ಹೋಗುತ್ತದೆ. ಬ್ರೌಸರ್‌ನಲ್ಲಿ ತೆರೆದು, ಪುಟ ತಿರುಗಿ ನಿಂತ ಮೇಲೆ ಮೇಲಿನ ವಿಳಾಸಪಟ್ಟಿಯ ಉದ್ದ ಲಿಂಕನ್ನು ನಕಲು ಮಾಡಿಕೊಳ್ಳಿ. ಲಾಗಿನ್ ಪುಟಕ್ಕೆ ಹೋಗಿ ನಿಂತರೂ ಆ ಉದ್ದ ವಿಳಾಸದೊಳಗೆ ಬಹಳ ಸಲ ಸರಕಿನ ನಂಬರ್ ಸಿಗುತ್ತದೆ.

ಊರಿನಲ್ಲೇ ಒಬ್ಬರು ಎಲ್ಲರ ಪಟ್ಟಿ ಸೇರಿಸಿ ತರಿಸುವ ಪದ್ಧತಿಯೂ ಉಂಟು. ಅಂಥವರು ಗಿರಾಕಿಗೆ ಮೊದಲೇ ಹೇಳಿಡುವುದು ಒಳ್ಳೆಯದು: ‘ಅಕ್ಕಾರ, ಲಿಂಕ್ ಒಂದ ಸಾಲದಾಗ ಇರ್ಲಿ, ಎಷ್ಟ ಬೇಕು ಅನ್ನೋದು ಕೆಳಗ ಬ್ಯಾರೆ ಸಾಲದಾಗ ಬರೀರಿ. ಫೋಟೊನೂ ಒಂದು ಹಾಕ್ರಿ.’ ಇಷ್ಟು ಹೇಳಿದರೆ ‘ಅಣ್ಣಾರ, ಲಿಂಕ್ ಓಪನ್ ಆಗವಲ್ದು’ ಎಂಬ ಫೋನುಗಳಲ್ಲಿ ಎಷ್ಟೋ ತಪ್ಪುತ್ತವೆ.

ಏಜೆಂಟ್ ಕಡೆ ಸಿಕ್ಕಿಕೊಂಡಿದ್ದರೆ

ನಂಬರ್ ಸರಿಯಾಗಿದ್ದೂ ಏಜೆಂಟನ ತಾಣ ‘ಸರಕಿನ ಮಾಹಿತಿ ಸಿಗಲಿಲ್ಲ’ ಎಂದರೆ ಅದೇ ಲಿಂಕನ್ನು ಬೇರೊಬ್ಬ ಏಜೆಂಟನ ತಾಣದಲ್ಲಿ ಹಾಕಿ ನೋಡಿ. ಕೊಳ್ಳಬೇಕಿಲ್ಲ, ಪುಟ ತೆರೆಯುತ್ತದೋ ಇಲ್ಲವೋ ಅಷ್ಟೇ ನೋಡುವುದು. ಅಲ್ಲಿ ತೆರೆದರೆ ಸರಕು ಬದುಕಿದೆ, ತೊಡಕು ನಿಮ್ಮ ಏಜೆಂಟನದ್ದು. ಒಂದೆರಡು ಗಂಟೆ ಬಿಟ್ಟು ಮತ್ತೆ ಪ್ರಯತ್ನಿಸಿ. ಆಗಲೂ ಬರದಿದ್ದರೆ ಹೆಚ್ಚಿನ ಏಜೆಂಟರಲ್ಲಿ ಕೈಯಿಂದ ವಿವರ ತುಂಬಿ ಆರ್ಡರ್ ಕೊಡುವ ಅರ್ಜಿ ಇರುತ್ತದೆ: ಲಿಂಕ್, ಹೆಸರು, ಯುವಾನ್‌ನಲ್ಲಿ ದರ, ಚೀನಾದೊಳಗಿನ ಸಾಗಣೆ ವೆಚ್ಚ, ಬಣ್ಣ ಅಥವಾ ಅಳತೆ, ಎಷ್ಟು ನಗ. ಬಣ್ಣ, ಅಳತೆಯ ಕಡೆ ನಿಮ್ಮ ಅನುವಾದ ಬರೆಯಬೇಡಿ, ಪುಟದಲ್ಲಿರುವ ಚೀನೀ ಅಕ್ಷರಗಳನ್ನೇ ನಕಲು ಮಾಡಿ ಅಂಟಿಸಿ. ‘ಮರೂನ್’ ಎಂದು ನೀವು ಬರೆದದ್ದನ್ನು ಅಲ್ಲಿ ಕೂತವರು ಕೆಂಪು ಎಂದೋ ಕಂದು ಎಂದೋ ತಿಳಿದರೆ ತಪ್ಪು ಸರಕು ಗೋದಾಮಿಗೆ ಬಂದು ಬೀಳುತ್ತದೆ.

ಕೆಲವು ಸಲ ಏಜೆಂಟ್ ಬೇಕೆಂದೇ ತಡೆದಿರುತ್ತಾನೆ. ಬ್ಯಾಟರಿ, ದ್ರವ, ಅಂಟು, ಚಾಕು, ಬ್ರ್ಯಾಂಡ್ ಹೆಸರಿನ ನಕಲಿ ವಸ್ತುಗಳು ಇವನ್ನೆಲ್ಲ ವಿಮಾನದಲ್ಲಿ ಕಳಿಸಲು ತೊಂದರೆ. ಅಂಥ ಕಡೆ ಲಿಂಕ್ ಒದ್ದಾಡಿಸಿ ಪ್ರಯೋಜನವಿಲ್ಲ. ನಕಲಿ ಬ್ರ್ಯಾಂಡ್ ಸರಕನ್ನು ನಮ್ಮ ಕಸ್ಟಮ್ಸ್ ಜಪ್ತಿ ಮಾಡಬಹುದು. ಜೋಡಿಸಿದ ಡ್ರೋನ್‌ಗಳ ಆಮದು 2022ರ ಫೆಬ್ರವರಿಯಿಂದ ಸಾಮಾನ್ಯರಿಗೆ ನಿಷಿದ್ಧ. ಲಿಂಕ್ ಸಿಕ್ಕಿತೆಂದು ಇಂಥವಕ್ಕೆ ಹಣ ಕಟ್ಟಿದರೆ ಹೋದ ಹಣ ಹೋದಂತೆಯೇ.

ಏಜೆಂಟನ ಗ್ರಾಹಕ ಸೇವೆಗೆ ಬರೆಯುವಾಗ ಸಮಯ ನೆನಪಿರಲಿ. ಚೀನಾ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿ ಬೆಳಿಗ್ಗೆ 9 ಆದಾಗ ಇಲ್ಲಿ 6:30, ಅಲ್ಲಿ ಸಂಜೆ 6 ಆದಾಗ ಇಲ್ಲಿ ಮಧ್ಯಾಹ್ನ 3:30. ನಾವು ಅಂಗಡಿ ಮುಚ್ಚಿ ರಾತ್ರಿ 9ಕ್ಕೆ ಕೇಳಿದರೆ ಉತ್ತರ ಮರುದಿನವೇ. ಬೆಳಿಗ್ಗೆ ಚಹಾದ ಹೊತ್ತಿಗೆ ಕಳಿಸಿದ ಸಂದೇಶ ಅಲ್ಲಿ ಕೆಲಸ ಶುರುವಾಗುವ ಹೊತ್ತಿಗೆ ತಲುಪುತ್ತದೆ.

ಅಂಗಡಿಯಲ್ಲೇ ಸರಕು ಇಳಿದಿದ್ದರೆ

ಇಳಿದಿದೆ ಎಂದರೆ ಎಂದೆಂದಿಗೂ ಹೋಯಿತು ಎಂದಲ್ಲ. ಚೀನೀ ಹೊಸವರ್ಷದ ಸುತ್ತಮುತ್ತ ಎರಡು ಮೂರು ವಾರ ಬಹಳ ಅಂಗಡಿಗಳು ಬಾಗಿಲು ಹಾಕುತ್ತವೆ, ಕೆಲವರು ಆಗ ಸರಕಿನ ಪುಟವನ್ನೂ ಇಳಿಸುತ್ತಾರೆ. 2026ರಲ್ಲಿ ಆ ಹಬ್ಬ ಫೆಬ್ರವರಿ 17ಕ್ಕೆ, 2027ರಲ್ಲಿ ಫೆಬ್ರವರಿ 6ಕ್ಕೆ. ಅಕ್ಟೋಬರ್ ಮೊದಲ ವಾರವೂ ಅಲ್ಲಿ ರಾಷ್ಟ್ರೀಯ ರಜೆ. ಜೂನ್ 18 ಮತ್ತು ನವೆಂಬರ್ 11ರ ದೊಡ್ಡ ಮಾರಾಟಗಳ ಹೊತ್ತಿಗೆ ಹಳೆಯ ಪುಟ ಇಳಿಸಿ ಅದೇ ಸರಕಿಗೆ ಹೊಸ ಪುಟ ಏರಿಸುವವರೂ ಇದ್ದಾರೆ. ಹಾಗಾಗಿ ಮೊದಲು ಹೋಗಬೇಕಾದ್ದು ಅದೇ ಅಂಗಡಿಗೆ. ಹಳೆಯ ಆರ್ಡರ್‌ನಲ್ಲೋ ಸ್ಕ್ರೀನ್‌ಶಾಟ್‌ನಲ್ಲೋ ಅಂಗಡಿಯ ಹೆಸರಿದ್ದರೆ ಏಜೆಂಟನಿಗೆ ಅದನ್ನು ಕೊಟ್ಟು ‘ಇದೇ ಅಂಗಡಿಯಲ್ಲಿ ಇದೇ ಸರಕಿನ ಹೊಸ ಲಿಂಕ್ ಇದೆಯೇ, ಅಂಗಡಿಯವರನ್ನು ಕೇಳಿ’ ಎನ್ನಿ. ಮಾರುವವನೊಂದಿಗೆ ಚಾಟ್ ಮಾಡುವ ವ್ಯವಸ್ಥೆ ಏಜೆಂಟನಿಗಿದೆ, ನಮಗಿಲ್ಲ. ಹಳೆಯ ಪುಟಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್ ಇಲ್ಲಿ ಅಷ್ಟು ಕೆಲಸಕ್ಕೆ ಬಾರದು. ಈ ತಾಣಗಳ ಸರಕಿನ ಪುಟಗಳು ಅದರ ಬಲೆಗೆ ಸರಿಯಾಗಿ ಬೀಳುವುದು ಕಡಿಮೆ.

ಅಂಗಡಿಯ ಹೆಸರೂ ಇಲ್ಲದಿದ್ದರೆ ಚಿತ್ರದಿಂದ ಹುಡುಕಬೇಕು. ಟಾವೊಬಾವೊ ಮತ್ತು 1688 ಎರಡರಲ್ಲೂ ಕ್ಯಾಮೆರಾ ಗುರುತಿನ ಹುಡುಕಾಟ ಇದೆ, ಹಲವು ಏಜೆಂಟರ ತಾಣಗಳಲ್ಲೂ ಅದೇ ಸೌಲಭ್ಯ ಉಂಟು. ಹಾಕುವ ಚಿತ್ರ ಹೇಗಿದೆ ಎಂಬುದರ ಮೇಲೆ ಫಲಿತಾಂಶ ನಿಂತಿದೆ. ಬೆಲೆ, ಅಂಗಡಿ ಹೆಸರು ಬರೆದ ಪಟ್ಟಿಗಳನ್ನು ಕತ್ತರಿಸಿ, ಸರಕು ಮಾತ್ರ ಉಳಿಯುವಂತೆ ಮಾಡಿ. ನೀವೇ ಫೋಟೊ ತೆಗೆಯುವುದಾದರೆ ಬಿಳಿ ಹಾಳೆಯ ಮೇಲಿಟ್ಟು, ನೆರಳು ಬೀಳದಂತೆ ನೇರವಾಗಿ ಮೇಲಿನಿಂದ ತೆಗೆಯಿರಿ. ಒಂದು ಕೋನದಲ್ಲಿ ಸಿಗದಿದ್ದರೆ ಇನ್ನೊಂದು ಕೋನದ ಚಿತ್ರ ಹಾಕಿ.

ಯಂತ್ರದ ಬಿಡಿಭಾಗಕ್ಕೆ ಚಿತ್ರಕ್ಕಿಂತ ನಂಬರ್ ಮೇಲು. ಓವರ್‌ಲಾಕ್‌ನ ಲೂಪರ್ ಮೇಲೆ ಸಾಮಾನ್ಯವಾಗಿ ಪಾರ್ಟ್ ನಂಬರ್ ಕೊರೆದಿರುತ್ತದೆ. ಎಣ್ಣೆ ಒರೆಸಿ, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದರೆ ಓದಲು ಬರುತ್ತದೆ. ಚೀನೀ ಪುಟಗಳಲ್ಲೂ ಆ ನಂಬರ್ ಹಾಗೆಯೇ ಇರುವುದರಿಂದ ಭಾಷೆಯ ಗೋಜಿಲ್ಲ. ಲೂಪರ್‌ಗಳು ನೋಡಲು ಒಂದೇ ಥರ ಕಂಡರೂ ಮೇಲಿನದು, ಕೆಳಗಿನದು ಬೇರೆ ಬೇರೆ. ಕಣ್ಣಳತೆಯಲ್ಲಿ ತರಿಸಿದರೆ ಮಷೀನಿಗೆ ಕೂರುವುದಿಲ್ಲ.

ಪದಗಳಿಂದ ಹುಡುಕುವುದಾದರೆ ಕನ್ನಡದಿಂದ ನೇರ ಚೀನೀ ಭಾಷೆಗೆ ಅನುವಾದಿಸಿದಾಗ ಅರ್ಥ ಎಲ್ಲೆಲ್ಲೋ ಹೋಗುತ್ತದೆ. ‘ಮಖಮಲ್ ಪೆಟ್ಟಿಗೆ’ ಎನ್ನುವ ಬದಲು ಇಂಗ್ಲಿಷ್‌ನಲ್ಲಿ ‘ವೆಲ್ವೆಟ್ ಜ್ಯುವೆಲರಿ ಬಾಕ್ಸ್’ ಎಂದು ಕೊಟ್ಟು ಅದರ ಚೀನೀ ಪದ ತೆಗೆದುಕೊಳ್ಳಿ. ಬಂದ ಪದವನ್ನು ಗೂಗಲ್ ಚಿತ್ರಗಳಲ್ಲಿ ಹಾಕಿ, ನಿಮಗೆ ಬೇಕಾದ ವಸ್ತುವೇ ಕಾಣುತ್ತದೆಯೇ ಎಂದು ಖಚಿತ ಮಾಡಿಕೊಂಡು ಆಮೇಲೆ 1688ರಲ್ಲಿ ಹುಡುಕಿ. ಹಳೆಯ ಸ್ಕ್ರೀನ್‌ಶಾಟ್ ಇದ್ದರೆ ಇನ್ನೂ ಸುಲಭ: ಗೂಗಲ್ ಲೆನ್ಸ್‌ನಲ್ಲಿ ಅದರ ಮೇಲಿನ ಚೀನೀ ಹೆಸರು ಆಯ್ದು ನಕಲು ಮಾಡಿ ಹಾಗೆಯೇ ಹಾಕಬಹುದು.

ಬದಲಿ ಸರಕು ಒಪ್ಪುವ ಮುಂಚೆ

ಒಂದೇ ಥರದ ಹತ್ತು ಪುಟ ಸಿಕ್ಕವು ಅಂತಿಟ್ಟುಕೊಳ್ಳಿ. ಅತಿ ಕಡಿಮೆ ದರದ್ದಕ್ಕೆ ಕೈ ಹಾಕುವ ಮುಂಚೆ ಒಳಗೆ ಹೋಗಿ ನೋಡಿ. ಪುಟದ ಮೇಲೆ ಕಾಣುವ ದರ ಬಹಳ ಸಲ ಅತಿ ಅಗ್ಗದ ಬಗೆಯದ್ದು. ಅದು ಪೆಟ್ಟಿಗೆ ಇಲ್ಲದ ಬರೀ ಒಳಹಾಸಿನ ದರವೂ ಇರಬಹುದು. 1688 ಸಗಟು ತಾಣ, ಕನಿಷ್ಠ ಎಷ್ಟು ನಗ ಕೊಳ್ಳಬೇಕು ಎಂಬುದನ್ನು ನೋಡಿ. ಅಂಗಡಿ ಎಷ್ಟು ವರ್ಷದಿಂದ ಸದಸ್ಯ ಎಂಬುದೂ ಅಲ್ಲಿ ಹೆಸರಿನ ಪಕ್ಕ ಕಾಣುತ್ತದೆ. ತೂಕ ‘ಜಿನ್’ನಲ್ಲಿದ್ದರೆ ಒಂದು ಜಿನ್ ಎಂದರೆ 500 ಗ್ರಾಂ, ಕೆಜಿ ಅಲ್ಲ. ಒಂದೇ ಕಾರ್ಖಾನೆಯ ಫೋಟೊ ಹತ್ತು ಅಂಗಡಿಯವರು ಹಾಕಿರುತ್ತಾರೆ, ಆದ್ದರಿಂದ ಮಾರುವವರ ಚಿತ್ರ ಬಿಟ್ಟು ಕೊಂಡವರು ಹಾಕಿದ ಚಿತ್ರಗಳನ್ನು ನೋಡಿ.

ಬಿದರಿ ಪೆಟ್ಟಿಗೆಯ ಲೆಕ್ಕವನ್ನೇ ಹತ್ತಿರದಿಂದ ನೋಡೋಣ. ಹಳೆಯ ಪೆಟ್ಟಿಗೆ 12×8×5 ಸೆಂ.ಮೀ., ನಿಮಗೆ ಬೇಕಾದದ್ದು 50. ಒಂದರ ಗಾತ್ರ 480 ಘನ ಸೆಂ.ಮೀ., ಐವತ್ತಕ್ಕೆ 24,000. ಸಾಗಣೆಯವರು ಪೆಟ್ಟಿಗೆಯ ನಿಜ ತೂಕ, ಗಾತ್ರದ ತೂಕ ಎರಡನ್ನೂ ನೋಡಿ ಹೆಚ್ಚಿನದಕ್ಕೆ ದರ ಹಾಕುತ್ತಾರೆ. ಗಾತ್ರದ ತೂಕಕ್ಕೆ ಘನ ಸೆಂ.ಮೀ.ಗಳನ್ನು 5000ದಿಂದ ಭಾಗಿಸುವುದು ಸಾಮಾನ್ಯ, ಕೆಲವು ಮಾರ್ಗಗಳಲ್ಲಿ 6000ದಿಂದ. 5000ದಿಂದ ಭಾಗಿಸಿದರೆ 4.8 ಕೆಜಿ. ಈಗ ಬದಲಿಯಾಗಿ ಸಿಕ್ಕದ್ದು 15×10×6. ಕೈಯಲ್ಲಿ ಹಿಡಿದರೆ ‘ಸ್ವಲ್ಪ ದೊಡ್ಡದು’ ಅನಿಸುತ್ತದೆ ಅಷ್ಟೇ. ಆದರೆ ಒಂದಕ್ಕೆ 900, ಐವತ್ತಕ್ಕೆ 45,000 ಘನ ಸೆಂ.ಮೀ., ಅಂದರೆ 9 ಕೆಜಿ. ನಿಜ ತೂಕ 3 ಕೆಜಿ ಇದ್ದರೂ ದರ 9ಕ್ಕೇ. ಹೊರಗಿನ ರಟ್ಟಿನ ಡಬ್ಬಿಯ ಅಳತೆ ಸೇರಿದರೆ ಇನ್ನೂ ಹೆಚ್ಚು. ಪೆಟ್ಟಿಗೆಯಲ್ಲಿ ಉಳಿಸಿದ ಎರಡು ರೂಪಾಯಿ ಸಾಗಣೆಯಲ್ಲಿ ಎರಡರಷ್ಟಾಗಿ ಹೋಗುತ್ತದೆ. ಮಡಚಿ ಕಳಿಸಬಹುದಾದ ಪೆಟ್ಟಿಗೆ ಇದೆಯೇ ಎಂದು ಕೇಳುವುದು ಇಂಥಲ್ಲಿ ನಿಜಕ್ಕೂ ಲಾಭ.

ಒಳಗಿನ ವಸ್ತುವನ್ನೂ ಕೇಳಬೇಕು. ಬಿದರಿ ಸಾಮಾನು ಸತು ಹೆಚ್ಚು, ತಾಮ್ರ ಕಡಿಮೆ ಇರುವ ಲೋಹ, ಕೈಗೆ ಭಾರ. ತೆಳು ರಟ್ಟಿನ ತಳ ಹಿಡಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಗಂಧಕ ಬೆರೆತ ರಬ್ಬರ್ ಫೋಮ್ ಅಥವಾ ಅಂಟು ಇದ್ದರೆ ಮುಚ್ಚಿದ ಪೆಟ್ಟಿಗೆಯೊಳಗೆ ಬೆಳ್ಳಿ ಕಪ್ಪಾಗುತ್ತದೆ. ಕಪ್ಪು ನೆಲದ ಮೇಲೆ ಹೊಳೆಯುವ ಬೆಳ್ಳಿಯೇ ಬಿದರಿಯ ಜೀವ. ಅದೇ ಮಂಕಾದರೆ ಗಿರಾಕಿ ಬೈಯುವುದು ಕುಶಲಕರ್ಮಿಯನ್ನೇ ಹೊರತು ಪೆಟ್ಟಿಗೆಯನ್ನಲ್ಲ. ಹಳೆಯ ಪುಟದಲ್ಲಿ ಒಳಹಾಸು ಏನಿತ್ತು, ಹೊಸದರಲ್ಲಿ ಏನಿದೆ ಎಂದು ಏಜೆಂಟನ ಮೂಲಕ ಕೇಳಿಸಿ. ಉತ್ತರ ಸರಿಯಾಗಿ ಬರದಿದ್ದರೆ ಮೊದಲು ಎರಡೇ ನಗ ತರಿಸಿ, ಒಂದು ಬೆಳ್ಳಿಯ ಚೂರು ಒಳಗಿಟ್ಟು ಮೂರು ವಾರ ಮುಚ್ಚಿಡಿ.

ಅಂಗಡಿಗೆ, ಅಂದರೆ ವ್ಯಾಪಾರಕ್ಕೆ ತರಿಸುವವರಿಗೆ ಆಮದು ರಫ್ತು ಕೋಡ್ ಬೇಕು. ಪ್ಯಾನ್ ನಂಬರೇ ಆ ಕೋಡ್ ಆಗುತ್ತದೆ, ಅರ್ಜಿ ಶುಲ್ಕ ₹500. ಸ್ವಂತ ಬಳಕೆಗೆ ಅದು ಬೇಡ, ಆದರೆ ಸುಂಕ, ಗುರುತಿನ ದಾಖಲೆ ಎರಡೂ ಬೇಕು. ‘ಗಿಫ್ಟ್ ಅಂತ ಬರೆಸಿದರೆ ಸುಂಕ ಇಲ್ಲ’ ಎಂಬುದು ಹಳೆಯ ಮಾತು: 2019ರ ಡಿಸೆಂಬರ್‌ನಲ್ಲಿ ಆ ವಿನಾಯಿತಿ ಹೋಯಿತು, ರಾಖಿ ಮತ್ತು ಜೀವರಕ್ಷಕ ಔಷಧಕ್ಕೆ ಮಾತ್ರ ಉಳಿಯಿತು.

ಲಿಂಕ್ ತೆರೆಯುತ್ತದೆ, ಸರಕು ಬೇರೆ

ಇದು ಸತ್ತ ಲಿಂಕ್‌ಗಿಂತ ಅಪಾಯ. ಚೆನ್ನಾಗಿ ಮಾರಾಟವಾದ ಪುಟದ ಚಿತ್ರ, ಹೆಸರು ಬದಲಿಸಿ ಅದೇ ನಂಬರ್ ಕೆಳಗೆ ಬೇರೆ ಸರಕು ಮಾರುವವರಿದ್ದಾರೆ, ಹಳೆಯ ಮಾರಾಟದ ಲೆಕ್ಕ ಮತ್ತು ಒಳ್ಳೆಯ ಅಭಿಪ್ರಾಯಗಳು ಹಾಗೇ ಉಳಿಯಲಿ ಎಂದು. ಅಭಿಪ್ರಾಯಗಳ ಕೆಳಗಿನ ಹಳೆಯ ಫೋಟೊಗಳಲ್ಲಿ ಬೇರೆಯೇ ವಸ್ತು ಕಂಡರೆ ನಿಲ್ಲಿ. ಹಿಂದೆ ಒಮ್ಮೆ ತರಿಸಿದ ಸರಕನ್ನೇ ಮತ್ತೆ ತರಿಸುವಾಗಲೂ ಏಜೆಂಟನ ಹಳೆಯ ಆರ್ಡರ್‌ನಲ್ಲಿರುವ ಗೋದಾಮಿನ ಫೋಟೊ ತೆರೆದು ಪಕ್ಕದಲ್ಲಿಟ್ಟು ಹೋಲಿಸಿ. ಗೋದಾಮಿನ ಫೋಟೊ ನಿಮಗೆ ನಿಜಕ್ಕೂ ಬಂದ ಸರಕಿನದು, ಅಂಗಡಿಯವನ ಚಿತ್ರಕ್ಕಿಂತ ಅದು ನಂಬಿಕೆಯದು.

ಹಣ ಕಟ್ಟಿದ ಮೇಲೆ ಲಿಂಕ್ ಸತ್ತರೆ

ನೀವು ಕಟ್ಟಿದ ಹಣ ಮೊದಲು ಏಜೆಂಟನ ಬಳಿ ಇರುತ್ತದೆ, ಅವನು ಕೊಳ್ಳುವಷ್ಟರಲ್ಲಿ ಸರಕು ಇಳಿದಿರಬಹುದು. ಗಾಬರಿಯಾಗಬೇಡಿ. ಆರ್ಡರ್ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ, ಏಜೆಂಟನ ಸಂದೇಶಗಳ ಪೆಟ್ಟಿಗೆ ನೋಡಿ. ನಿಮ್ಮ ಉತ್ತರಕ್ಕೆ ಕಾದು, ಬರದಿದ್ದಾಗ ಆರ್ಡರ್ ರದ್ದು ಮಾಡುವವರು ಬಹಳ. ಬದಲಿ ಲಿಂಕ್ ಸಿಕ್ಕಿದ್ದರೆ ಅದನ್ನು ಕೊಟ್ಟು ದರದ ವ್ಯತ್ಯಾಸ ಮಾತ್ರ ಕಟ್ಟುವುದು ಒಳ್ಳೆಯದು. ಹಣವನ್ನು ಕಾರ್ಡ್‌ಗೆ ವಾಪಸ್ ತರಿಸಿ ಮತ್ತೆ ಕಟ್ಟಿದರೆ ವಿದೇಶಿ ವಿನಿಮಯದ ಶುಲ್ಕ ಎರಡು ಸಲ ಬೀಳುತ್ತದೆ. ನಿಮ್ಮ ಕಾರ್ಡ್‌ನ ಶುಲ್ಕ 3.5% ಇದ್ದರೆ ₹5,000ಕ್ಕೆ ₹175, ಅದರ ಮೇಲೆ 18% ಜಿಎಸ್‌ಟಿ ₹31.50, ಒಟ್ಟು ₹206.50. ಬೇರೆ ಸರಕು ತರಿಸುವ ಯೋಚನೆ ಹೇಗೂ ಇದ್ದರೆ ಹಣ ಏಜೆಂಟನ ಖಾತೆಯಲ್ಲೇ ಉಳಿಯಲಿ. ಇಲ್ಲದಿದ್ದರೆ ದೊಡ್ಡ ಮೊತ್ತ ಅಲ್ಲಿ ಬಿಡಬೇಡಿ.

ಬದಲಿ ಸರಕು ಗೋದಾಮಿಗೆ ಬಂದ ದಿನವೇ ಫೋಟೊ ನೋಡಿ ತೀರ್ಮಾನಿಸಿ. ಆನ್‌ಲೈನ್ ಖರೀದಿಗೆ 7 ದಿನದೊಳಗೆ ಕಾರಣ ಹೇಳದೆ ಹಿಂದಿರುಗಿಸುವ ಹಕ್ಕು ಚೀನಾದ ಗ್ರಾಹಕ ಕಾನೂನಿನಲ್ಲಿ 2014ರಿಂದ ಇದೆ, ಅಳತೆ ಕೊಟ್ಟು ಮಾಡಿಸಿದ ಸರಕಿಗೆ ಇಲ್ಲ. ಆ ದಿನಗಳ ಎಣಿಕೆ ಸರಕು ಏಜೆಂಟನ ಕೈ ಸೇರಿದಾಗಿನಿಂದ, ಹಾಗಾಗಿ ಏಜೆಂಟ್ ನಿಮಗೆ ಕೊಡುವ ಅವಧಿ ಅದಕ್ಕಿಂತ ಕಡಿಮೆ. ಒಂದು ಲಿಂಕ್ ಸತ್ತಿತೆಂದು ಉಳಿದ ಸರಕನ್ನು ಗೋದಾಮಿನಲ್ಲೇ ಕಾಯಿಸುತ್ತಾ ಕೂತರೆ ಉಚಿತ ದಾಸ್ತಾನಿನ ದಿನಗಳೂ ಮುಗಿಯುತ್ತವೆ.

‘ಹೊಸ ಲಿಂಕ್’ ಕಳಿಸುವ ಕಳ್ಳರು

‘ನಿಮ್ಮ ಆರ್ಡರ್‌ನ ಲಿಂಕ್ ಕೆಟ್ಟಿದೆ, ರಿಫಂಡ್‌ಗೆ ಇಲ್ಲಿ ಒತ್ತಿ’ ಎಂಬ ಸಂದೇಶ ವಾಟ್ಸ್ಆ್ಯಪ್‌ಗೆ ಬಂದರೆ ಒತ್ತಬೇಡಿ. ಏಜೆಂಟನ ತಾಣವನ್ನು ನೀವೇ ತೆರೆದು ಒಳಗಿನ ಸಂದೇಶ ನೋಡಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಕಸ್ಟಮರ್ ಕೇರ್ ನಂಬರ್‌ಗೆ ಫೋನ್ ಮಾಡಬೇಡಿ. ಹಣ ಬರಲು ಯುಪಿಐ ಪಿನ್ ಯಾವತ್ತೂ ಬೇಕಾಗುವುದಿಲ್ಲ. ಪಿನ್ ಒತ್ತಿದರೆ ಹಣ ಹೋಗುವುದು ಮಾತ್ರ. ಹಣ ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಳೆ ನೋಡೋಣ ಅಂದರೆ ಹಣ ಇನ್ನೊಂದು ಖಾತೆಗೆ ದಾಟಿರುತ್ತದೆ.

ಆರ್ಡರ್ ಕೊಡುವ ದಿನವೇ ಬರೆದಿಡುವುದು

ಲೆಕ್ಕದ ಪುಸ್ತಕದಲ್ಲಾಗಲಿ ಮೊಬೈಲ್‌ನ ಶೀಟ್‌ನಲ್ಲಾಗಲಿ ಒಂದೊಂದು ಸರಕಿಗೆ ಒಂದೊಂದು ಸಾಲು ಇಡಿ: ತಾಣದ ಹೆಸರು, ಸರಕಿನ ನಂಬರ್, ಅಂಗಡಿಯ ಚೀನೀ ಹೆಸರು, ಸರಕಿನ ಚೀನೀ ಹೆಸರು, ಆಯ್ದ ಬಗೆಯ ಚೀನೀ ಬರಹ, ಯುವಾನ್ ದರ, ನೋಡಿದ ತಾರೀಖು. ಜೊತೆಗೆ ಮೂರು ಚಿತ್ರ: ಮುಖ್ಯ ಫೋಟೊ, ಅಳತೆಯ ಪಟ್ಟಿ, ಬಣ್ಣ ಆಯ್ಕೆ ಮಾಡಿದ ಪರದೆ. ಚಿತ್ರದ ಫೈಲ್ ಹೆಸರಿಗೇ ಸರಕಿನ ನಂಬರ್ ಕೊಟ್ಟರೆ ಆರು ತಿಂಗಳಾದರೂ ಗ್ಯಾಲರಿಯಲ್ಲಿ ತಡಕಾಡಬೇಕಿಲ್ಲ. ಎಕ್ಸೆಲ್‌ನಲ್ಲಿ ನಂಬರ್ ಹಾಕುವ ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಎಂದು ಬದಲಿಸಿ. ಇಲ್ಲವಾದರೆ 12 ಅಂಕಿಯ ನಂಬರನ್ನು ಅದು 7.21ಇ+11 ಎಂದು ಚುಟುಕು ಮಾಡಿ ತೋರಿಸುತ್ತದೆ, ಅದನ್ನೇ ಯಾರಾದರೂ ನಕಲು ಮಾಡಿ ಏಜೆಂಟನಿಗೆ ಕಳಿಸಿದರೆ ಮತ್ತದೇ ‘ಓಪನ್ ಆಗವಲ್ದು’.

ಪಟ್ಟಿ ಕಳಿಸುವ ಹಿಂದಿನ ದಿನ ಎಲ್ಲ ನಂಬರ್‌ಗಳನ್ನೂ ಏಜೆಂಟನ ಪೆಟ್ಟಿಗೆಯಲ್ಲಿ ಒಂದು ಸಲ ಹಾಕಿ ನೋಡಿ. ಇಪ್ಪತ್ತು ಸರಕಿಗೆ ಹದಿನೈದು ನಿಮಿಷ ಸಾಕು. ಸತ್ತದ್ದು ಸಿಕ್ಕರೆ ಅದರ ಚಿತ್ರ, ಅಂಗಡಿಯ ಹೆಸರು ಹಚ್ಚಿ ಸಂದೇಶ ಸಿದ್ಧ ಮಾಡಿಟ್ಟು, ಮರುದಿನ ಬೆಳಿಗ್ಗೆ 6:30ಕ್ಕೆ ಕಳಿಸಿ.